ಅಕ್ಕನ ಒಗಟುಗಳಿಗೆ ಒಂದು ಬಾಡಿಗೆ ಕೋಣೆ

ಭಾನುವಾರ, ಬೆಳಗಿನ ಆರೂವರೆ. ಸ್ಥಳ, ಚನ್ನಗಿರಿಯಲ್ಲಿರುವ ನನ್ನ ಅಕ್ಕನ ಮನೆಯ ನಡುಮನೆ. ಹಾಜರಿದ್ದವರು ಅಕ್ಕ, ಭಾವ, ಹೊನ್ನಾಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಮಗಳು, ಮತ್ತು ನಾನು. ತಡವಾಗಿ ಬಂದವರು ಯಾರೂ ಇಲ್ಲ. ಹೊತ್ತು ಗೊತ್ತುಮಾಡಿದವನು ನಾನು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ಆ ದಿನದ ಕೆಲಸ ಒಂದೇ: ಅಕ್ಕನ ಹೊಸ ವೆಬ್‌ಸೈಟನ್ನು ಇಡಲು ನಂಬಿಕಸ್ಥ ಹೋಸ್ಟಿಂಗ್ ಕಂಪನಿಯೊಂದನ್ನು ಆರಿಸುವುದು. ಅದಕ್ಕೆ ಅರ್ಧ ಗಂಟೆ ಸಾಕು, ಏಳಕ್ಕೆ ತಿಂಡಿ ಎಂದು ನಾನು ಅಂದುಕೊಂಡಿದ್ದೆ. ಭಾವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ಭಾವ ಏಕಕಾಲಕ್ಕೆ ನಾಲ್ಕು ಊರುಗಳಲ್ಲಿ ವಾಸಿಸುವ ಮನುಷ್ಯ. ದೇಹವೇನೋ ಚನ್ನಗಿರಿಯಲ್ಲಿರುತ್ತದೆ. ಆದರೆ ಅವರ ಎರಡನೇ ಕನ್ನಡಕ ಹೊನ್ನಾಳಿಯ ನನ್ನ ಮಗಳ ಮನೆಯಲ್ಲಿದೆ, ಎರಡನೇ ಜೊತೆ ಚಪ್ಪಲಿ ಜಗಳೂರಿನ ತಮ್ಮನ ಮನೆಯ ಅಟ್ಟದ ಮೇಲಿದೆ, ಎರಡನೇ ಹಲ್ಲಿನ ಸೆಟ್ಟು ನ್ಯಾಮತಿಯ ತಂಗಿಯ ಮನೆಯ ಶೋಕೇಸಿನಲ್ಲಿದೆ. ಇದು ಮರೆವಲ್ಲ, ಸಿದ್ಧಾಂತ. ಯಾವುದೇ ವಸ್ತು ಒಂದೇ ಕಡೆ ಇದ್ದರೆ ಅದು ಇಲ್ಲದ ಹಾಗೇ ಎನ್ನುವುದು ಅವರ ನಂಬಿಕೆ.

ಸಿದ್ಧಾಂತಕ್ಕೆ ಪುರಾವೆಯೂ ಇದೆಯೆನ್ನಿ. ಜಗಳೂರಿನಲ್ಲಿ ಒಂದು ಮದುವೆ. ಊಟ ಮುಗಿಸಿ ಹೊರಗೆ ಬಂದರೆ ಭಾವನ ಚಪ್ಪಲಿ ಮಾಯ. ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಒಂದಷ್ಟು ಬೈದು, ಇನ್ನೊಬ್ಬರದನ್ನು ಮೆಟ್ಟಿಕೊಂಡು ಬರುತ್ತಿದ್ದರು. ಭಾವ ಬರಿಗಾಲಲ್ಲೇ ತಮ್ಮನ ಮನೆಗೆ ನಡೆದು, ಅಟ್ಟದಿಂದ ತಮ್ಮ ಚಪ್ಪಲಿ ಇಳಿಸಿ, ಧೂಳು ಕೊಡವಿ ಮೆಟ್ಟಿಕೊಂಡು, ಮತ್ತೆ ಮಂಟಪಕ್ಕೆ ಬಂದು ಎಲ್ಲರಿಗೂ ಕಾಣುವಂತೆ ಎರಡು ಸುತ್ತು ತಿರುಗಿದರು. ಕದ್ದವನಿಗೆ ಅರ್ಥವಾಗಬೇಕಲ್ಲ! ನ್ಯಾಮತಿಯ ಪುರಾವೆ ಇಷ್ಟು ಸುಖದ್ದಲ್ಲ. ಅವರ ತಂಗಿಯ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಶೋಕೇಸಿನ ಗಾಜಿನ ಲೋಟದಲ್ಲಿ ಯಾರದೋ ಹಲ್ಲು ತಮ್ಮನ್ನೇ ನೋಡಿ ನಗುತ್ತಿದ್ದುದನ್ನು ಕಂಡು, ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಸಂಬಂಧ ಮುರಿಯಿತು. ಹಲ್ಲು ಮಾತ್ರ ಅಲ್ಲೇ ಇದೆ.

ಇಷ್ಟೆಲ್ಲ ಮುಂಜಾಗ್ರತೆಯ ಮನುಷ್ಯ ಒಂದೇ ಒಂದು ವಿಷಯದಲ್ಲಿ ಎಡವಿದರು. ಅದು ಅಕ್ಕನ ಧ್ವನಿಯ ವಿಷಯ.

ಅಕ್ಕ ಒಗಟಿನ ಹೆಂಗಸು. ಅವಳ ಮನೆಯಲ್ಲಿ ಒಗಟು ಬಿಡಿಸದೆ ಯಾರಿಗೂ ಕಾಫಿ ಸಿಕ್ಕಿದ್ದಿಲ್ಲ. ಅರ್ಧದಷ್ಟು ಒಗಟುಗಳನ್ನು ಅವಳೇ ಕಟ್ಟಿದ್ದಳು. ಭಾವ ಈ ವಿಷಯದಲ್ಲಿ ಪೂರ್ತಿ ದಡ್ಡರು. ಮದುವೆಯಾದಂದಿನಿಂದ ಒಂದಕ್ಕೂ ಸರಿ ಉತ್ತರ ಹೇಳಿದವರಲ್ಲ. ಅವರು ತಪ್ಪು ಹೇಳುವುದು, ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗುವುದು, ಕೊನೆಗೆ ಕರುಣೆಯಿಂದ ಅವರಿಗೂ ಒಂದು ಲೋಟ ಕಾಫಿ ಕೊಡುವುದು, ಇದು ಆ ಮನೆಯ ನಿತ್ಯದ ಕ್ರಮ. ಕ್ರಮ ಎಂಬ ಕಾರಣಕ್ಕೆ ನನಗೂ ಅದು ಇಷ್ಟವಾಗಿತ್ತು.

ಆಮೇಲೆ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದರು. ಆಪರೇಷನ್ನಿಗೆ ಮುಂಚೆ ಭಾವ ಅವಳನ್ನು ಕೂರಿಸಿ ಅಷ್ಟೂ ಒಗಟುಗಳನ್ನು ತಮ್ಮ ಫೋನಿನಲ್ಲಿ ತುಂಬಿಸಿಕೊಂಡರು. ಆಸ್ಪತ್ರೆಯಿಂದ ಬಂದ ದಿನ, ನೀರೆಷ್ಟಿದೆಯೆಂದು ಸಂಪಿನ ಮುಚ್ಚಳ ತೆಗೆದು ಬಗ್ಗಿದಾಗ ಅಂಗಿ ಜೇಬಿನಿಂದ ಫೋನು ಒಳಕ್ಕೆ ಬಿತ್ತು. ಮೂರು ಊರಿನಲ್ಲಿ ಆಸ್ತಿ ಇಟ್ಟ ಮನುಷ್ಯ ಇದನ್ನೊಂದನ್ನು ಮಾತ್ರ ಒಂದೇ ಕಡೆ ಇಟ್ಟಿದ್ದರು.

ಅಕ್ಕ ನೆಂಟರಿಗೆ ದಿನಕ್ಕೊಂದು ಒಗಟನ್ನು ತನ್ನ ಧ್ವನಿಯಲ್ಲೇ ಹೇಳಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದುದು ಭಾವನಿಗೆ ಮಾರನೆಯ ದಿನ ನೆನಪಾಯಿತು. ಬಸ್ಸು ಹತ್ತಿದರು. ಬಸವಾಪಟ್ಟಣದವರು ಕೇಳಿ ಕೇಳಿ ಅಳಿಸಿದ್ದರು. ಸಂತೇಬೆನ್ನೂರಿನವರು ಕೇಳದೆಯೇ ಅಳಿಸಿದ್ದರು. ಕೊನೆಗೆ ಕೈ ಹಿಡಿದದ್ದು ಜಗಳೂರಿನ ತಮ್ಮನ ಹೆಂಡತಿ. ಉತ್ತರ ಹೊಳೆಯದ ಒಗಟುಗಳನ್ನೆಲ್ಲ ಆಕೆ ಹಟದಿಂದ ಹಾಗೇ ಇಟ್ಟುಕೊಂಡಿದ್ದಳು. ಆಕೆಗೆ ಬಹಳಷ್ಟು ಹೊಳೆದಿರಲಿಲ್ಲ; ದೇವರು ದೊಡ್ಡವನು.

ಅವನ್ನು ಇನ್ನು ಯಾವ ಸಂಪೂ ನುಂಗದಂಥ ಜಾಗದಲ್ಲಿ ಇಡಬೇಕೆಂಬುದೇ ಭಾವನ ಪಣ. ವೆಬ್‌ಸೈಟೆಂದರೆ ಮನೆಯ ಸಾಮಾನು, ಹೋಸ್ಟಿಂಗ್ ಎಂದರೆ ಅದನ್ನಿಡಲು ಹಿಡಿಯುವ ಬಾಡಿಗೆ ಕೋಣೆ ಎಂದು ಮಗಳು ವಿವರಿಸಿ, ಮೂರು ಕಂಪನಿಗಳನ್ನು ಆರಿಸಿ ತಂದಿದ್ದಳು. ಬಾಡಿಗೆ ಕೋಣೆ ಎಂದಮೇಲೆ ಮಾಲೀಕನನ್ನು ಮಾತಾಡಿಸದೆ ಹಿಡಿಯುವುದುಂಟೇ? ಭಾವ ಫೋನು ಕೈಗೆತ್ತಿಕೊಂಡರು.

ಇಲ್ಲೊಂದು ಮಾತು ಹೇಳಬೇಕು. ಭಾವ ನೌಕರಿಯುದ್ದಕ್ಕೂ ಕೂತಿದ್ದು ಕರೆಂಟ್ ಆಫೀಸಿನ ದೂರಿನ ಮೇಜಿನಲ್ಲಿ. ಕರೆಂಟ್ ಹೋದಾಗ ಊರೆಲ್ಲ ಫೋನ್ ಮಾಡಿ ಬೈಯುತ್ತಿದ್ದುದು ಅವರನ್ನೇ. ಎಲ್ಲರಿಗೂ ಅವರದು ಒಂದೇ ಉತ್ತರ: ‘ಕೆಲ್ಸ ನಡೀತಾ ಐತ್ರೀ, ಇನ್ನೇನು ಬರ್ತದೆ.’ ಕಂಬ ಬಿದ್ದಿದ್ದರೂ ಅದೇ, ಲೈನ್‌ಮನ್ ಮಲಗಿದ್ದರೂ ಅದೇ. ಹಾಗಾಗಿ ಫೋನಿನ ಆ ತುದಿಯ ಸುಳ್ಳು ಅವರಿಗೆ ವಾಸನೆಯಿಂದಲೇ ತಿಳಿಯುತ್ತದೆ.

ಮೊದಲ ಕಂಪನಿಯವನು ತಮ್ಮ ಸರ್ವರು ನಿಲ್ಲುವ ಮಾತೇ ಇಲ್ಲವೆಂದ. ಭಾವ ಫೋನಿಟ್ಟರು. ‘ನಿಲ್ಲೋದೇ ಇಲ್ಲ ಅನ್ನೋನು ನಿಂತಾಗ ಫೋನ್ ಎತ್ತಲ್ಲ’ ಎಂಬುದು ಅವರ ತೀರ್ಪು. ಎರಡನೆಯ ಕಂಪನಿಯ ಹೆಣ್ಣುಮಗಳಿಗೆ, ಸರ್ವರಿರುವುದು ಎಷ್ಟನೇ ಮಹಡಿ, ಕೆಳಗೆ ಸಂಪು ಇದೆಯೇ ಎಂದು ಕೇಳಿದರು. ಆಕೆ ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಹಾಡು ಹಾಕಿ ಹೋದಳು. ನಾವು ಸ್ಪೀಕರಿನಲ್ಲಿ ಆ ಹಾಡು ಕೇಳುತ್ತಲೇ ತಿಂಡಿ ಮುಗಿಸಿದೆವು. ಹಾಡು ನಿಲ್ಲಲಿಲ್ಲ. ಅವರ ಕಂಪನಿಯಲ್ಲಿ ನಿಲ್ಲದೆ ನಡೆಯುವುದು ಅದೊಂದೇ ಎಂದರು ಭಾವ.

ನನ್ನ ವೇಳಾಪಟ್ಟಿ ಅಷ್ಟು ಹೊತ್ತಿಗೆ ಹರಿದು ಹೋಗಿತ್ತು. ಅಕ್ಕ ಮಾತ್ರ ಎಲ್ಲವನ್ನೂ ನೋಡುತ್ತ ಕೂತಿದ್ದಳು. ಅವಳ ಕೈಯಲ್ಲಿ ಸೌಟು, ಪಕ್ಕದಲ್ಲಿ ಸ್ಟೀಲಿನ ತಟ್ಟೆ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ. ಈ ಕ್ರಮ ಕಲಿಸಿದವನು ನಾನೇ. ತಟ್ಟೆ ಕೈಗೆ ಸಿಗದಿದ್ದರೆ ಭಾವನ ತಲೆಯೂ ಆದೀತೆಂದು ಸೇರಿಸಿಕೊಂಡವಳು ಅವಳೇ.

ಮೂರನೆಯ ಕಂಪನಿಯಲ್ಲಿ ಕನ್ನಡದವನೊಬ್ಬ ಸಿಕ್ಕ. ನಿಮ್ಮದು ಯಾವಾಗಲಾದರೂ ನಿಂತಿತ್ತೇ ಎಂದು ಭಾವ ಕೇಳಿದರು.

‘ಹೋದ ತಿಂಗಳು ನಿಂತಿತ್ತು ಸರ್. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ.’

‘ಜನ ಫೋನ್ ಮಾಡಿದ್ರೆ ಏನಂದ್ರಿ?’

‘ಯಾವಾಗ ಸರಿಹೋಗುತ್ತೋ ನಮಗೂ ಗೊತ್ತಿಲ್ಲ ಅಂದ್ವಿ ಸರ್. ಬೈಸ್ಕೊಂಡ್ವಿ.’

ಭಾವ ಎದ್ದು ನಿಂತರು. ಅವರು ಇಡೀ ನೌಕರಿಯಲ್ಲಿ ಹೇಳಲಾಗದ ವಾಕ್ಯವನ್ನು ಆ ಹುಡುಗ ಸಲೀಸಾಗಿ ಹೇಳಿಬಿಟ್ಟಿದ್ದ. ದಿನವೂ ಒಂದು ನಕಲು ಬೇರೊಂದು ಊರಿನಲ್ಲಿ ಇಡುತ್ತೇವೆ, ಬಿಟ್ಟು ಹೋಗುವುದಾದರೆ ನಿಮ್ಮದೆಲ್ಲವನ್ನೂ ನೀವು ಇಳಿಸಿಕೊಳ್ಳಬಹುದು ಎಂದೂ ಅವನು ಹೇಳಿದ. ‘ಬೇರೆ ಊರಲ್ಲಿ’ ಎಂಬ ಮಾತಿಗೆ ಭಾವ ನನ್ನ ಕಡೆ ನೋಡಿದ ನೋಟ ನನಗೆ ಈಗಲೂ ನೆನಪಿದೆ. ಮಗಳು ತನ್ನ ಪರೀಕ್ಷೆಗಳನ್ನೂ ಮಾಡಿ ಒಪ್ಪಿದಳು. ಅಕ್ಕ ಒಂದು ಸಲ ತಟ್ಟೆ ತಟ್ಟಿದಳು. ಕೋಣೆ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಮಗಳು ಧ್ವನಿಗಳನ್ನೆಲ್ಲ ಸೈಟಿಗೆ ಏರಿಸಿ ಮುಗಿಸಿ, ಉತ್ತರಗಳೆಲ್ಲಿ ಎಂದಳು. ಉಳಿದಿದ್ದವೆಲ್ಲ ಜಗಳೂರಿನವರಿಗೆ ಹೊಳೆಯದ ಒಗಟುಗಳು. ಅಕ್ಕನೇ ಬರೆದು ಕೊಡಲೆಂದು ನಾನು ಪೆನ್ನು ತೆಗೆದೆ. ಅಷ್ಟರಲ್ಲಿ ಭಾವ, ಸೋರೆಕಾಯಿ ಹೆಚ್ಚುತ್ತಲೇ, ಒಂದೊಂದಾಗಿ ಹೇಳತೊಡಗಿದರು. ಬೀಸುಕಲ್ಲು. ತೂಗುಮಂಚ. ಮೆಣಸಿನಕಾಯಿ. ಅಕ್ಕನ ಸೌಟು ಪ್ರತಿಯೊಂದಕ್ಕೂ ಒಂದೇ ಸಲ ತಟ್ಟಿತು. ಒಂದೂ ತಪ್ಪಲಿಲ್ಲ.

‘ನಿಮಗೆ ಗೊತ್ತಿತ್ತಾ ಭಾವ?’ ಎಂದೆ.

‘ಮೊದ್ಲಿಂದ ಗೊತ್ತು ಮೇಷ್ಟ್ರೇ. ಸರಿ ಹೇಳಿದ್ರೆ ಇವ್ಳು ನಗಲ್ಲ. ಕಾಫಿ ಕೊಟ್ಟು ಕೆಲ್ಸಕ್ಕೆ ಹೋಗ್ತಾಳೆ.’

ಅಕ್ಕ ಸೌಟು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದಳು. ಅವಳಿಗೂ ಅದು ತಿಳಿದದ್ದು ಆ ಕ್ಷಣದಲ್ಲೇ.

ಸಂಜೆ ಕೊನೆಯ ಪರೀಕ್ಷೆ. ಭಾವ ಹೋಗಿ ಮನೆಯ ಮೇನ್ ಸ್ವಿಚ್ ಇಳಿಸಿದರು. ‘ಈಗ ಕೇಳಾಕೆ ಹಾಕಮ್ಮಾ, ನೋಡಾನ’ ಎಂದರು. ನಮ್ಮ ಮನೆಯ ಸ್ವಿಚ್ಚಿಗೂ ಎಲ್ಲೋ ಇರುವ ಸರ್ವರಿಗೂ ಸಂಬಂಧವಿಲ್ಲ ಎಂದು ಮಗಳು ಹೇಳಲು ಹೊರಟಿದ್ದಳು; ನಾನು ಕಣ್ಣಿನಲ್ಲೇ ತಡೆದೆ. ಅವಳು ತನ್ನ ಮೊಬೈಲಿನಲ್ಲಿ ವೆಬ್‌ಸೈಟ್ ತೆರೆದು ಮೊದಲ ಒಗಟನ್ನು ಒತ್ತಿದಳು. ಮಸುಕಾದ ನಡುಮನೆಯಲ್ಲಿ ಅಕ್ಕನ ಧ್ವನಿ, ಹಿಂದಿನಷ್ಟೇ ಗತ್ತಿನಿಂದ, ಕೇಳಿತು:

‘ಕರೆದ್ರೆ ಬರಲ್ಲ, ಓಡ್ಸಿದ್ರೆ ಹೋಗಲ್ಲ. ಬಿಸ್ಲಾಗೆ ಕಾಲು ಹಿಡೀತಾನೆ, ಕತ್ಲಾಗೆ ಕೈ ಬಿಡ್ತಾನೆ. ಯಾರು ಹೇಳ್ರಿ?’

ನೆರಳು ಎಂದು ಸೈಟಿನಲ್ಲೇ ಬರೆದಿದೆ. ಬರೆಸಿದವರು ಭಾವನೇ. ಅವರು ತಲೆ ಕೆರೆದುಕೊಂಡು, ಬಹಳ ಯೋಚಿಸಿದವರಂತೆ ಹೇಳಿದರು:

‘ನಿನ್ ತಮ್ಮ ಕಣೇ.’

ತಟ್ಟೆ ಎರಡು ಸಲ ಸದ್ದಾಯಿತು. ಅಕ್ಕನ ಭುಜಗಳು ಕುಲುಕುತ್ತಿದ್ದವು. ಸದ್ದಿಲ್ಲ. ಸೆರಗು ಮಾತ್ರ ಕಣ್ಣಿಗೆ ಹೋಯಿತು.

‘ಹಂಗಾದ್ರೆ ಮೀಟರ್ ಓದಾಕೆ ಬರೋನು’ ಎಂದರು ಭಾವ.

ಮತ್ತೆ ಎರಡು ಸಲ.

ಪರೀಕ್ಷೆ ಮುಗಿದ ಕೂಡಲೇ ಮೇನ್ ಸ್ವಿಚ್ ಹಾಕುವ ಕೆಲಸ ನನ್ನ ಪಾಲಿಗಿತ್ತು. ನಾನು ಯಾವ ಕೆಲಸವನ್ನೂ ತಡ ಮಾಡುವವನಲ್ಲ. ಆ ದಿನ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತೆ; ಭಾವನಿಗೆ ಇನ್ನೂ ಕೆಲವು ತಪ್ಪು ಉತ್ತರಗಳು ಬಾಕಿ ಇದ್ದವು. ಅವೆಲ್ಲ ಮುಗಿದು, ಅಕ್ಕ ಕಾಫಿಗೆಂದು ಎದ್ದ ಮೇಲೆ ಹೋಗಿ ಸ್ವಿಚ್ ಹಾಕಿದೆ.