ಖಾಲಿ ಕೋಣೆಯಲ್ಲಿ ಏರುವ ಅಂಕಿ

ಮುಚ್ಚಿದ ಬಾಗಿಲಿನ ಹೊರಗೆ ಕೂತು ಒಳಗಿನದನ್ನು ಕಾಯುವ ಕೆಲಸ ನನ್ನದು. ತಿಂಗಳಿಗೊಮ್ಮೆಯಾದರೂ ಎದೆ ಝಲ್ಲೆನ್ನುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ.

ಶೋಳಿಂಗನಲ್ಲೂರ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಫೋಟಾನ್ ಕಿರಣವನ್ನು, ಅಂದರೆ ಬಲವಾದ ಎಕ್ಸ್‌ರೇಯನ್ನು, ನಾನು ಅಳೆಯುತ್ತೇನೆ. ಅದಕ್ಕೊಂದು ಡಿಟೆಕ್ಟರ್ ಇದೆ. ಕಿರಣ ಬಿದ್ದರೆ ಅದರ ತುದಿಯ ಪ್ಲಾಸ್ಟಿಕ್ ತುಂಡು ಮಿನುಗುತ್ತದೆ. ಆ ಮಿನುಗು ತೆಳ್ಳನೆಯ ಎಳೆಯೊಂದರಲ್ಲಿ ಹೊರಗೆ ಬಂದು ನನ್ನೆದುರಿನ ಪರದೆಯಲ್ಲಿ ಅಂಕಿಯಾಗುತ್ತದೆ. ಕಿರಣವಿಲ್ಲದಾಗ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು.

ಉಸಿರಾಟ

ಸೇರಿದ ಮೊದಲ ವಾರ. ಮೆಷಿನ್ ಆಫ್, ಒಳಗೆ ಯಾರೂ ಇಲ್ಲ. ಅಂಕಿ ಮಾತ್ರ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ. ಪಕ್ಕದಲ್ಲಿದ್ದ ಹಿರಿಯ ಟೆಕ್ನಿಷಿಯನ್ ಅಕ್ಕ ತಲೆಯನ್ನೂ ಎತ್ತದೆ ತಮಿಳಿನಲ್ಲಿ ಹೇಳಿದರು, ಒಳಗೆ ಒಬ್ಬರು ಇದ್ದಾರೆ ಸರ್, ಯಾರಿಗೂ ತೊಂದರೆ ಕೊಡುವವರಲ್ಲ ಅಂತ.

ನಾನು ಒಬ್ಬನೇ ಒಳಗೆ ಹೋದೆ. ಹುಡುಕಿದಾಗ ಸಿಕ್ಕಿದ್ದಿಷ್ಟು: ಎಳೆಗೆ ಸುತ್ತಿದ್ದ ಕರಿ ಟೇಪು ಒಂದು ಕಡೆ ಬಿಟ್ಟುಕೊಂಡಿತ್ತು. ಏಸಿ ಗಾಳಿಗೆ ಅದು ಎದ್ದಾಗೆಲ್ಲ ಟ್ಯೂಬ್‌ಲೈಟಿನ ಬೆಳಕು ಒಳಗೆ ನುಗ್ಗುತ್ತಿತ್ತು. ಹೊಸ ಟೇಪು ಸುತ್ತಿ, ಬೀಗುತ್ತಾ ಬಂದು ಅಕ್ಕನಿಗೆ ವಿವರಿಸಿದೆ. ಅವರು, "ಹಾಗಾದ್ರೆ ಎರಡು ವರ್ಷದಿಂದ ನಾನು ದಿನಾ ಬೆಳಿಗ್ಗೆ ವಣಕ್ಕಂ ಹೇಳ್ತಿದ್ದದ್ದು ಟೇಪಿಗಾ ಸರ್?" ಅಂದರು.

ಹೆಜ್ಜೆ ಸಪ್ಪಳ

ಒಂದು ಮಧ್ಯಾಹ್ನ ಡಿಟೆಕ್ಟರನ್ನು ಹೊರಗೆ ತಂದು, ಕಾರಿಡಾರಿನ ಪಕ್ಕದ ಮೇಜಿನ ಮೇಲಿಟ್ಟು ಪರೀಕ್ಷಿಸುತ್ತಿದ್ದೆ. ಗೋಡೆಯಾಚೆ ಹೆಜ್ಜೆ ಸಪ್ಪಳ ಹತ್ತಿರವಾದಂತೆ ಅಂಕಿ ಏರಿತು, ದೂರವಾದಂತೆ ಇಳಿಯಿತು. ಟೇಪು ಸರಿಯಾಗೇ ಇತ್ತು. ಹೆಜ್ಜೆ ನಿಂತಿತು. ಅಂಕಿಯೂ ಅಲ್ಲೇ ನಿಂತಿತು.

ಬಾಗಿಲು ತೆರೆದರೆ ಎದುರಿಗೆ ತೆಳ್ಳಗಿನ ಮುದುಕರು, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಬೆಳಿಗ್ಗೆ ಮೂಳೆ ಸ್ಕ್ಯಾನಿಗೆಂದು ವಿಕಿರಣದ ಇಂಜೆಕ್ಷನ್ ಹಾಕಿಸಿಕೊಂಡು, ಕಾಯಲು ಬೇಸರವಾಗಿ ಅಡ್ಡಾಡುತ್ತಿದ್ದರು. ಅಂಕಿ ಏರಿಸಿದ್ದು ನಿಮ್ಮ ಮೈಯೊಳಗಿನ ಆ ಔಷಧದ ಕಿರಣ, ನಾಳೆಯೊಳಗೆ ಬಹುಪಾಲು ಹೊರಟುಹೋಗುತ್ತದೆ, ಹೆದರಬೇಡಿ ಅಂದೆ. ಅವರು ಪರದೆಯ ಮುಂದೆ ಎರಡು ಸಲ ಹೋಗಿ ಬಂದು ನೋಡಿದರು. "ಮೂವತ್ತು ವರ್ಷ ಕೆಲಸಕ್ಕೆ ಹೋದೆ, ನಾನು ಬಂದದ್ದೂ ಯಾರಿಗೂ ಗೊತ್ತಾಗ್ತಿರಲಿಲ್ಲ, ಹೋದದ್ದೂ ಗೊತ್ತಾಗ್ತಿರಲಿಲ್ಲ. ಇದಕ್ಕಾದರೂ ಗೊತ್ತಾಯ್ತಲ್ಲ" ಅಂದರು.

ಕರೆ

ಉಡುಪಿ ಕಡೆಯ ಹೋಟೆಲ್ ಮನೆತನದ ಹೆಂಗಸೊಬ್ಬರಿಗೆ ಎದೆಯ ಕ್ಯಾನ್ಸರ್. ಚರ್ಮದ ಮೇಲೆ ಡಿಟೆಕ್ಟರ್ ಅಂಟಿಸಿ, ಅಲುಗಾಡಬೇಡಿ ಅಂತ ಹೇಳಿ ಹೊರಗೆ ಬಂದೆ. ಭಾರದ ಬಾಗಿಲು ಮುಚ್ಚಿತು. ಕಿರಣ ಇನ್ನೂ ಶುರುವಾಗಿರಲಿಲ್ಲ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನು. ಕಟ್ ಮಾಡಲು ಹೋಗಿ ಸ್ಪೀಕರ್ ಒತ್ತಿದೆ. ಒಳಗಿನವರ ಜೊತೆ ಮಾತಾಡುವ ಮೈಕೂ ಆನ್ ಇತ್ತು.

"ಎಷ್ಟು ವರ್ಷ ಹೀಗೆ ಒಂಟಿಯಾಗಿರ್ತೀಯ? ಹೊರಟು ಬಂದ್ಬಿಡು. ಇಲ್ಲಿ ಎಲ್ಲ ಸಿದ್ಧ ಮಾಡಿದೀನಿ."

ಹೆಣ್ಣು ನೋಡಲು ಬಾ ಅನ್ನುವುದು ಅಮ್ಮನ ಅರ್ಥ. ಆದರೆ ಯಾರೂ ಇಲ್ಲದ ಕೋಣೆಯಲ್ಲಿ, ಮೇಲಿನಿಂದ, ವಯಸ್ಸಾದ ಹೆಂಗಸಿನ ದನಿ ಅಚ್ಚ ಕನ್ನಡದಲ್ಲಿ ಕರೆದರೆ ಮಲಗಿದವರಿಗೆ ಹೇಗಾಗಬೇಕು? ಅವರ ಗಂಡ, ಅತ್ತೆ ಇಬ್ಬರೂ ತೀರಿಕೊಂಡಿದ್ದಾರೆಂದು ನನಗೆ ಆಮೇಲೆ ತಿಳಿಯಿತು. ಕ್ಯಾಮೆರಾದಲ್ಲಿ ನೋಡುತ್ತೇನೆ, ಅವರು ಒಂದು ಬೆರಳನ್ನೂ ಕದಲಿಸಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಮೈಕಿನಲ್ಲಿ ಹೊರಗೆ ಕೇಳಿದ ದನಿ ಗಟ್ಟಿಯಾಗಿತ್ತು.

"ನೀವು ಕರೆದಾಗೆಲ್ಲ ಬಂದಿದ್ದೇನೆ ಅತ್ತೆ. ಈಗ ಬರುದಿಲ್ಲ. ನನಗೆ ಇಲ್ಲಿ ಇನ್ನೂ ಕೆಲಸ ಉಂಟು."

ಒಳಗೆ ಓಡಿ ಕ್ಷಮೆ ಕೇಳಿದೆ. ವಿಷಯ ತಿಳಿದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಿರಣ ಕೊಟ್ಟಾಗ ಅಂಕಿ ಬರಬೇಕಾದಷ್ಟೇ ಬಂತು. ನಿಟ್ಟುಸಿರು ಬಿಟ್ಟು ಮೇಜಿನತ್ತ ನೋಡಿದರೆ ಫೋನು ಇನ್ನೂ ಕಟ್ ಆಗಿರಲಿಲ್ಲ. ಕಿವಿಗಿಟ್ಟುಕೊಂಡೆ. ಅಮ್ಮನ ದನಿ ನಡುಗುತ್ತಿತ್ತು.

"ನನ್ನನ್ನ ಅತ್ತೆ ಅಂದೋಳು ಯಾರೋ? ಮದುವೆ ಯಾವಾಗ ಮಾಡ್ಕೊಂಡ್ಯೋ?"