ಮಾವನ ಕಾರಿನ ಧರ್ಮಯಾತ್ರೆ

ಅಂಚೆ ಕಚೇರಿಯ ಗುಮಾಸ್ತರು ಬಾಯಿ ಮುಚ್ಚಿಕೊಂಡಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಮಾವ ಬಿಟ್ಟುಹೋದ ಹಳೇ ಕಾರನ್ನು ಹೆಂಡತಿಗೆ ತಿಳಿಯದಂತೆ ಸಾಗಹಾಕುವ ಆಸೆಯಿಂದ, ಕೌಂಟರಿಗೆ ಬಂದ ಗಿರಾಕಿಯೊಬ್ಬನಿಗೆ, "ಸಮುದ್ರದ ತನಕ ಒಂದೇ ಉಸಿರಿಗೆ ಓಡತ್ತೆ ಸಾರ್" ಎಂದು ಬಿಟ್ಟರು. ಸಾಲಿನಲ್ಲಿ ಹಿಂದೆಯೇ, ದೇಣಿಗೆ ಎತ್ತಲು ಊರಿಗೆ ಬಂದಿದ್ದ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ನಿಂತಿದ್ದರು.

"ಹಾಗಾದ್ರೆ ಓಡಿಸೇಬಿಡಿ! ಸಮುದ್ರದ ದಡದಲ್ಲೇ ನಮ್ಮ ಆಸ್ಪತ್ರೆ. ಕಿಲೋಮೀಟರಿಗೆ ಇಷ್ಟು ಅಂತ ಜನ ದೇಣಿಗೆ ಕೊಡ್ತಾರೆ."

ಗಿರಾಕಿ ಮೆಲ್ಲನೆ ಜಾರಿಕೊಂಡ. ಬೇಲಿ ಮೇಲಿದ್ದ ಓತಿಕ್ಯಾತವನ್ನು ಗುಮಾಸ್ತರು ಕೈಯಾರೆ ಕಿವಿಗೆ ಬಿಟ್ಟುಕೊಂಡಿದ್ದರು.

ಆದರೆ ಮನೆಗೆ ನಡೆಯುತ್ತಾ ಅವರಿಗೊಂದು ಉಪಾಯ ಹೊಳೆಯಿತು. ತಿಂಗಳ ಅರ್ಧ ಸಂಬಳ ನುಂಗುವ ಈ ಕಾರು ದಾರಿಯಲ್ಲೇ ಪ್ರಾಣ ಬಿಟ್ಟರೆ? ಅದೂ ಪುಣ್ಯಕಾರ್ಯದಲ್ಲಿ! ಹೆಂಡತಿ ಕೂಡ ಸೊಲ್ಲೆತ್ತುವಂತಿಲ್ಲ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

ಭಾನುವಾರ ಬೆಳಗ್ಗೆ ಬೀದಿಯವರೆಲ್ಲ ಸೇರಿ ಬೀಳ್ಕೊಟ್ಟರು. ಹೆಂಡತಿ ಮುಂದಿನ ಸೀಟು ಹಿಡಿದಳು. ಜೊತೆಗಿರಲಿ ಎಂದು ಎದುರು ಮನೆಯ ಟೈಲರ್ ಕರೆಯದೆ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ರೇಡಿಯೇಟರಿಗೆ ನೀರು ತುಂಬಿಸುವುದನ್ನು ಗುಮಾಸ್ತರು ಬೇಕೆಂದೇ ಮರೆತಿದ್ದರು. ಮೊದಲ ಏರಿನಲ್ಲೇ ಕಾರು ಬುಸುಗುಟ್ಟಿ ನಿಂತಿತು.

"ಅಯ್ಯೋ, ಮುಗೀತು ಅನ್ಸತ್ತೆ ಕಣೇ" ಎಂದರು, ದುಃಖ ತುಂಬಿದ ದನಿಯಲ್ಲಿ.

"ಮುಗಿಯೋದೇನ್ರೀ! ನಿಮ್ಮ ಮರೆವು ನಂಗೊತ್ತಿಲ್ವಾ?" ಹೆಂಡತಿ ಸೀಟಿನಡಿಯಿಂದ ಎರಡು ಕ್ಯಾನ್ ನೀರು ಎಳೆದಳು.

ಮಧ್ಯಾಹ್ನ ಫ್ಯಾನ್ ಬೆಲ್ಟ್ ಹರಿಯಿತು. ಗುಮಾಸ್ತರ ಮುಖ ಅರಳುವಷ್ಟರಲ್ಲಿ ಟೈಲರ್ ತಮ್ಮ ಸೊಂಟದ ಬೆಲ್ಟನ್ನೇ ಕತ್ತರಿಸಿ, ಹೊಲಿದು, ಬಿಗಿದರು. "ಬಟ್ಟೆ ಹೊಲಿಯೋನಿಗೆ ಇದೇನು ಮಹಾ, ಬಿಡಿ ಸಾರ್!" ಅಲ್ಲಿಂದ ಮುಂದೆ ಅವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಉಪದೇಶ ಮಾಡುತ್ತಾ ಬಂದರು.

ಕೊನೆಯ ಇಳಿಜಾರಿನಲ್ಲಿ ಇಂಜಿನ್ ತಾನಾಗಿಯೇ ಆರಿತು. ಕೆಳಗೆ ಕೆರೆ ಕಾಣುತ್ತಿತ್ತು. ಎಲ್ಲರೂ ಇಳಿದ ಮೇಲೆ ಗುಮಾಸ್ತರು ಮನಸ್ಸು ಗಟ್ಟಿ ಮಾಡಿ ಕೈಬ್ರೇಕ್ ಸಡಿಲಿಸಿ ತಾವೂ ಇಳಿದರು. ಗೇರಿನಲ್ಲೇ ಇದ್ದ ಕಾರು ಉರುಳಿತು, ಕೆಮ್ಮಿತು, ಗುಡುಗುಡು ಎಂದು ಚಾಲೂ ಆಯಿತು! ಪ್ಯಾಂಟೋ ಕಾರೋ ಎಂಬ ಪ್ರಶ್ನೆ ಬಂದಾಗ ಟೈಲರ್ ಕಾರನ್ನೇ ಹಿಡಿದರು. ಓಡಿ ಹತ್ತಿ, ಕೆರೆಯ ದಂಡೆಯಲ್ಲಿ ನಿಲ್ಲಿಸಿದರು. ಹೆಂಡತಿ ಮುಖ ಆಚೆ ತಿರುಗಿಸಿ ಚಪ್ಪಾಳೆ ತಟ್ಟಿದಳು.

ಸಂಜೆ ಆಸ್ಪತ್ರೆ ತಲುಪಿದಾಗ ಕಿಟಕಿಗಳ ತುಂಬ ಮಕ್ಕಳ ಮುಖಗಳು. ಬ್ಯಾಂಡೇಜು ಸುತ್ತಿದ ಪುಟ್ಟ ಕೈಗಳು ಬೀಸುತ್ತಿದ್ದವು. ಗುಮಾಸ್ತರಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಅಂಗಳದಲ್ಲಿ ಸೇರಿದ್ದ ಸಭೆಯಲ್ಲಿ ಮೈಕು ಕೈಗೆ ಬಂದೊಡನೆ ನಾಚಿಕೆಯನ್ನು ಹಿಂದಿಕ್ಕಿ ಆಸೆ ಮುಂದೆ ಬಂತು.

"ದೇಣಿಗೆಯ ಜೊತೆಗೆ ಈ ಕಾರನ್ನೂ ಆಸ್ಪತ್ರೆಗೆ ದಾನವಾಗಿ ಕೊಡ್ತಿದ್ದೀನಿ!"

ಜನ ಎದ್ದುನಿಂತರು. ತುಂಬಿದ ಸಭೆಯಲ್ಲಿ ಗಂಡ ಮಾಡಿದ ದಾನವನ್ನು ಹೆಂಡತಿ ತಡೆದಾಳೆಯೇ? ಅವಳು ಕಣ್ಣೊರೆಸಿಕೊಂಡು, "ಅಪ್ಪ ಇದ್ದಿದ್ರೆ ಎಷ್ಟು ಹಿಗ್ತಿದ್ರು" ಎಂದಳು. ಗುಮಾಸ್ತರ ಎದೆ ಹತ್ತಿಯಂತೆ ಹಗುರಾಯಿತು.

ಡಾಕ್ಟರಮ್ಮ ಅವರ ಎರಡೂ ಕೈ ಹಿಡಿದುಕೊಂಡರು. "ಕೈ ಎತ್ತಿ ಕೊಟ್ರಿ, ತಗೊಂಡೆವು. ಇವತ್ತಿಂದ ಇದು ಮಕ್ಕಳ ಕಾರು. ಆದ್ರೆ ನಮ್ಮಲ್ಲಿ ಆಂಬುಲೆನ್ಸ್ ನಿಲ್ಸೋಕೇ ಜಾಗ ಇಲ್ಲ. ನಿಮ್ಮಷ್ಟು ಪ್ರೀತಿಯಿಂದ ನೋಡ್ಕೊಳ್ಳೋರು ಯಾರಿದ್ದಾರೆ ಹೇಳಿ? ನಿಮ್ಮ ಶೆಡ್ಡಲ್ಲೇ ಇರ್ಲಿ. ವರ್ಷಕ್ಕೊಂದು ಸಲ ಹೀಗೇ ಓಡಿಸ್ಕೊಂಡು ಬನ್ನಿ."

"ರಿಪೇರಿ ಖರ್ಚು...?" ಗುಮಾಸ್ತರು ಕೇಳಿದರು.

"ಛೆ! ಕಾಯಿಲೆ ಮಕ್ಕಳ ಹತ್ರ ಅದನ್ನೂ ಕೇಳ್ತಾರೇನ್ರೀ?" ಎಂದಳು ಹೆಂಡತಿ. "ನಾವೇ ಹಾಕ್ತೀವಿ ಡಾಕ್ಟ್ರೇ."

"ಮುಂದೆ ಯಾವಾಗ್ಲಾದ್ರೂ... ಗುಜರಿಗೆ...?"

"ಮಕ್ಕಳ ಸ್ವತ್ತನ್ನಾ ಸಾರ್?" ಟೈಲರ್ ಹೌಹಾರಿದರು.

ನಿನ್ನೆಯವರೆಗೆ ಅದು ಸ್ವಂತದ ಪೀಡೆಯಾಗಿತ್ತು. ಎಂದಾದರೊಂದು ದಿನ ಹೆಂಡತಿಯ ಕಣ್ಣು ತಪ್ಪಿಸಿ ಮಾರಬಹುದಿತ್ತು. ಈಗ ಮಾರಿದರೆ ಕಳ್ಳತನ.

ಮೂವರೂ ಕಾರು ಹತ್ತಿದಾಗ ಎಲ್ಲರೂ ಕೈ ಬೀಸಿದರು. ಮಕ್ಕಳ ಕಾರು ಚಾಲೂ ಆಗಲಿಲ್ಲ. ದಾನಿಗಳು ಇಳಿದು ತಳ್ಳತೊಡಗಿದರು.