ಅಕ್ಕಿ ಗಿರಣಿಗೆ ಬಂದ ಇನ್ನೋವೇಷನ್

ಮ್ಯಾನೇಜ್‌ಮೆಂಟ್ ಓದಿದವರ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಓದದವರಿಗೂ ಆಗುತ್ತವೆ, ಅವರು ವರದಿ ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್. ಎಂಬಿಎ ಆಗಿದೆ. ಗಿರಣಿಯಲ್ಲಿ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಮ್ಮ ಸಾಹುಕಾರರು ಹೈದರಾಬಾದಿನಲ್ಲಿ ಮೂರು ದಿನದ ಶಿಬಿರಕ್ಕೆ ಹೋದರು. ವಿಷಯ: ಇನ್ನೋವೇಷನ್ ಮತ್ತು ನಾಯಕತ್ವ. ಸಾಹುಕಾರರಾಗಿ ಹೋದವರು ಲೀಡರ್ ಆಗಿ ತಿರುಗಿ ಬಂದರು. ಬಂದ ದಿನವೇ ಎಲ್ಲರನ್ನೂ ಕೂಡಿಸಿ, ಮೂರು ತಿಂಗಳಲ್ಲಿ ಹಳೇ ಪದ್ಧತಿಗಳನ್ನೆಲ್ಲ ತೆಗೆದುಹಾಕುವುದಾಗಿ ಸಾರಿದರು.

ಪಟ್ಟಿಯಲ್ಲಿ ಮೊದಲನೆಯದು ನಮ್ಮ ಮಿಸ್ತ್ರಿ ಚಾಚಾ. ಭತ್ತದ ಗಾಡಿ ಬಂದಾಗ ನಾಲ್ಕು ಕಾಳು ಕಡಿದು, ತೇವ ಎಷ್ಟೆಂದು ಹೇಳುವುದು ಚಾಚಾನ ಕೆಲಸ. ಮೂವತ್ತು ವರ್ಷದಿಂದ ಆ ಮಾತಿಗೆ ಯಾರೂ ಎದುರಾಡಿಲ್ಲ. ಇನ್ನು ಆ ಕೆಲಸಕ್ಕೆ ಯಂತ್ರ ಬರುತ್ತದೆ, ಯಂತ್ರ ಸರಿಯಾಗಿ ಹೇಳಿದರೆ ಚಾಚಾ ಮನೆಗೆ, ಎಂದರು ಸಾಹುಕಾರರು.

ಹೊರಗೆ ಬಂದ ಮೇಲೆ ಚಾಚಾ ನನ್ನನ್ನು ಕೇಳಿದರು, "ಮಷೀನು ಪಗಾರ ಕೇಳಂಗಿಲ್ಲೇನ್ರಿ ಸಾಹೇಬ್ರ?"

"ಇಲ್ಲ ಚಾಚಾ."

"ರಜಾ?"

"ಅದೂ ಇಲ್ಲ."

"ಹಂಗಾರ ನನ್ನ ಕತಿ ಖಲಾಸ್ ಬಿಡ್ರಿ."

ಐಡಿಯಾ ಡಬ್ಬಿ

ಹೊಸ ವಿಚಾರ ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ ಎಂದು ಶಿಬಿರದಲ್ಲಿ ಹೇಳಿದ್ದರಂತೆ. ಆದ್ದರಿಂದ ಗೇಟಿನ ಬಳಿ ಬೀಗ ಹಾಕಿದ ಡಬ್ಬಿಯೊಂದು ಬಂತು. ಯಾರಿಗೆ ಏನು ಹೊಳೆದರೂ ಚೀಟಿ ಬರೆದು ಹಾಕಬೇಕು.

ತಿಂಗಳ ಕೊನೆಗೆ ಅದನ್ನು ಎತ್ತಲು ಇಬ್ಬರು ಹಮಾಲರು ಬೇಕಾದರು. ಸಾಹುಕಾರರ ಕಣ್ಣು ತುಂಬಿ ಬಂತು. ಎಲ್ಲರೆದುರು ಬೀಗ ತೆಗೆದರು. ಒಳಗಿದ್ದದ್ದು ಭತ್ತ. ನಮ್ಮ ಕಡೆ ಗಿರಣಿಯ ಗೇಟಿಗೆ ಡಬ್ಬಿ ಇಟ್ಟರೆ ಅದು ಸ್ಯಾಂಪಲ್ ಹಾಕಲಿಕ್ಕೆ ಎಂದು ಎಲ್ಲ ದಲಾಲರಿಗೂ ಗೊತ್ತು. ಪೊಟ್ಟಣ ಕಟ್ಟಿ, ಊರು, ಫೋನ್ ನಂಬರು ಬರೆದು ಹಾಕಿದ್ದರು.

ಸಾಹುಕಾರರು ಒಂದು ಪೊಟ್ಟಣ ಹಿಡಿದು ನಿಂತೇ ಇದ್ದರು. ಚಾಚಾ ಅದರಿಂದ ಎರಡು ಕಾಳು ಬಾಯಿಗೆ ಹಾಕಿಕೊಂಡರು.

"ಐಡಿಯಾ ಚಲೋ ಐತ್ರಿ. ಇನ್ನಾ ಎರಡು ದಿನ ಬಿಸಿಲಿಗೆ ಹಾಕಬೇಕು."

ಸೋಲಿನ ಗುರಿ

ಮಸ್ಕಿಯಲ್ಲೊಂದು, ಲಿಂಗಸುಗೂರಿನಲ್ಲೊಂದು ನಮ್ಮ ಅಕ್ಕಿ ಅಂಗಡಿಗಳಿವೆ. ಎರಡಕ್ಕೂ ಆದೇಶ ಹೋಯಿತು: ಹೊಸ ಪ್ರಯತ್ನ ಮಾಡಬೇಕು, ಸೋತರೆ ಹೆದರಬಾರದು, ಒಂದು ಸೋಲೂ ಇಲ್ಲದ ಅಂಗಡಿಯವರು ಪ್ರಯತ್ನವನ್ನೇ ಮಾಡಿಲ್ಲವೆಂದು ತಿಳಿಯಲಾಗುವುದು.

ಮಸ್ಕಿಯವನು ಉತ್ಸಾಹಿ. ಗಿರಾಕಿಗಳ ವಾಟ್ಸಾಪ್ ಗುಂಪು ಮಾಡಿ ದಿನಕ್ಕೆರಡು ಸಲ ಅಕ್ಕಿಯ ಫೋಟೋ ಹಾಕಿದ. ಕೊನೆಗೆ ಗುಂಪಿನಲ್ಲಿ ಅವನು, ಅವನ ಮಾವ ಉಳಿದರು. ಅಂಗಡಿಯ ಮುಂದೆ ಅನ್ನ ಮಾಡಿ, ರುಚಿ ನೋಡಿ ಎಂದು ಇಟ್ಟ. ಜನ ಸಾರು ಎಲ್ಲಿ ಎಂದರು. ಲಿಂಗಸುಗೂರಿನವನು ಮೊದಲಿನಂತೆ ಅಕ್ಕಿ ಮಾರುತ್ತಿದ್ದ.

ಫೋನಿನಲ್ಲಿ ಸಭೆ ನಡೆಯಿತು.

"ಲಿಂಗಸುಗೂರು, ಎಷ್ಟು ಸೋಲು?" ಎಂದರು ಸಾಹುಕಾರರು.

"ಒಂದು ರೀ."

"ಶಾಬಾಶ್. ಮಸ್ಕಿ?"

"ನನ್ನೂವು ಎರಡಿದ್ವುರಿ. ಈಗ ಒಂದ ಐತಿ."

"ಇನ್ನೊಂದು ಎಲ್ಲಿ ಹೋತು?"

"ಲಿಂಗಸುಗೂರಿನವ ಕೈಕಾಲು ಬಿದ್ದನ್ರಿ. ಅವಗ ಕೊಟ್ಟೀನಿ."

ಹೆಸರು ಹಿಡಿದು

ಮೇಲು ಕೀಳು ಇರುವಲ್ಲಿ ಹೊಸತನ ಹುಟ್ಟುವುದಿಲ್ಲ ಎಂಬುದು ಮುಂದಿನ ಪಾಠ. ಇನ್ನು ಯಾರೂ "ಸಾಹುಕಾರ್ರೆ" ಎನ್ನುವಂತಿಲ್ಲ, ಹೆಸರು ಹಿಡಿದೇ ಕರೆಯಬೇಕು. ಸಂಬಳ ಕೊಡುವವರ ಹೆಸರು ಹಿಡಿಯಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗಾಗಿ ಜನ ಅವರನ್ನು ಕರೆಯುವುದನ್ನೇ ಬಿಟ್ಟರು. ಒಂದು ವಾರ ಗಿರಣಿಯಲ್ಲಿ ಬಹಳ ಶಾಂತಿಯಿತ್ತು. ಸಾಹುಕಾರರು ಅದನ್ನು ಸ್ವಾವಲಂಬನೆ ಎಂದುಕೊಂಡರು.

ಒಂದು ಮಧ್ಯಾಹ್ನ ಅವರು ಹೊಟ್ಟಿನ ರಾಶಿಗೆ ಬೆನ್ನು ಮಾಡಿ ಫೋನಿನಲ್ಲಿದ್ದರು. ರಾಶಿಯಿಂದ ಹೊಗೆ ಎದ್ದಿತು. ಎದುರಿಗಿದ್ದ ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಕೆಮ್ಮಿದ. ಇನ್ನೊಬ್ಬ "ಅದು... ಹಿಂದ..." ಎಂದು ನಿಲ್ಲಿಸಿದ. ಸಾಹುಕಾರರು ಸುಮ್ಮನಿರುವಂತೆ ಕೈ ಮಾಡಿದರು.

ಕೊನೆಗೆ ಚಾಚಾ ಮುಂದೆ ಬಂದರು. "ಏನ್ರೀ, ಕೇಳಿಸ್ತೇನ್ರೀ?"

ಗಂಡನ ಹೆಸರು ಹೇಳದ ಹೆಂಡಂದಿರು ನಮ್ಮಲ್ಲಿ ಕರೆಯುವುದು ಹೀಗೆಯೇ. ಸಾಹುಕಾರರು ತಟ್ಟನೆ ಫೋನ್ ಜೇಬಿಗೆ ಹಾಕಿ, "ಬಂದೆ, ಬಂದೆ" ಎಂದು ಗಡಬಡಿಸಿ ಹಿಂದೆ ತಿರುಗಿದರು; ಹೊಗೆ ಎದುರಿಗಿತ್ತು.

ಯಂತ್ರ

ಗಡುವಿನ ಹೊತ್ತಿಗೆ ಯಂತ್ರ ಬಂತು. ಹಿಡಿ ಭತ್ತ ಹಾಕಿದರೆ ತೇವದ ಅಂಕಿ ತೋರಿಸುತ್ತದೆ. ಜೊತೆಗೆ ಕಂಪನಿಯ ಎಂಜಿನಿಯರ್. ಮರುದಿನ ಯಂತ್ರಕ್ಕೂ ಚಾಚಾನಿಗೂ ಪರೀಕ್ಷೆ. ಚಾಚಾನ ನೌಕರಿ ಅದರ ಮೇಲೆ ನಿಂತಿತ್ತು.

ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದ. "ಸರ್, ಇಲ್ಲಿನ ಭತ್ತ ಇದಕ್ಕೆ ಹೊಸದು. ಮೊದಲು ಸರಿ ಉತ್ತರ ಕಲಿಸಬೇಕು. ಲ್ಯಾಬಿಗೆ ಕಳಿಸಿದರೆ ವಾರ ಹಿಡಿಯುತ್ತೆ. ತೇವ ಸರಿಯಾಗಿ ಹೇಳೋರು ಇಲ್ಲಿ ಯಾರಿದ್ದಾರೆ?"

ಇದ್ದವರು ಒಬ್ಬರೇ. ಸಂಜೆಯವರೆಗೆ ಬಂದ ಗಾಡಿಗಳ ಕಾಳು ಕಡಿದು ಚಾಚಾ ಅಂಕಿ ಹೇಳಿದರು, ಎಂಜಿನಿಯರ್ ಯಂತ್ರದ ಗುಂಡಿ ಒತ್ತಿದ.

ಮರುದಿನ ಹತ್ತು ಗಾಡಿ ಬಂದವು. ಚಾಚಾ ಹದಿನೇಳು ಎಂದರೆ ಯಂತ್ರವೂ ಹದಿನೇಳು. ಹತ್ತಕ್ಕೆ ಹತ್ತೂ ಹೆಚ್ಚು ಕಡಿಮೆ ಕೂಡಿಬಂದವು.

"ಮಷೀನು ಚಾಚಾನಷ್ಟ ಶಾಣ್ಯಾ ಐತಿ," ಎಂದರು ಸಾಹುಕಾರರು. "ಹಂಗಾರ ಚಾಚಾ ಯಾಕ ಬೇಕು?"

ಚಾಚಾ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಎಂಜಿನಿಯರ್ ನಡುವೆ ಬಾಯಿ ಹಾಕಿದ. "ಸರ್, ಹೊಸ ತಳಿ ಬಂದಾಗಲೆಲ್ಲ ಇದಕ್ಕೆ ಮತ್ತೆ ಕಲಿಸಬೇಕು."

"ಯಾರು?"

ಆತ ಚಾಚಾನತ್ತ ಕೈ ತೋರಿಸಿದ.

ಹೀಗೆ ಕೆಲಸ ಉಳಿಯಿತು. ಹುದ್ದೆಯ ಹೆಸರು ಮಾತ್ರ ಇನ್ನೋವೇಷನ್ ಸಲಹೆಗಾರ ಎಂದಾಯಿತು.

ಆ ಸಂಜೆ ಬಸ್ ಸ್ಟ್ಯಾಂಡ್ ಎದುರು ನಾನೂ ಚಾಚಾನೂ ಚಹಾಕ್ಕೆ ಕೂತೆವು. ಚಾಚಾ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ಪೂರ್ತಿ ಹೊರತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟು, ಬನ್ನನ್ನು ಚಹಾದಲ್ಲಿ ಅದ್ದಿದರು.

"ಇದು ಯಾವಾಗಿಂದ ಚಾಚಾ?" ಎಂದೆ.

"ಮೂರು ವರ್ಷ ಆತ್ರಿ."

"ಮತ್ತ ಕಾಳು ಕಡಿದು ಹೆಂಗ ಹೇಳ್ತೀರಿ?"

"ಕಡಿಯೂದು ಸಾಹುಕಾರ್ರಿಗೆ ತೋರಿಸಾಕ್ರಿ. ಗಾಡಿ ಯಾವೂರಿಂದ ಬಂತಂತ ಡ್ರೈವರ್ನ ಕೇಳ್ತೀನಲ್ಲ. ದಢೇಸುಗೂರಿಂದು ಅಂದ್ರ ಕಾಲುವಿ ಬಾಜೂದು, ಹಸಿ ಇರ್ತೈತಿ. ಸಾಲಗುಂದದ್ದು ಅಂದ್ರ ಒಣಗಿರ್ತೈತಿ."

"ಮತ್ತ ಆ ಮಷೀನಿಗೆ ನಿನ್ನೆ ಕಲಿಸಿದ್ದು?"

ಚಾಚಾ ನೆನೆದ ಬನ್ನನ್ನು ನಿಧಾನಕ್ಕೆ ನುಂಗಿದರು.

"ಪಾಪ, ಅದಕ್ಕ ಊರು ಕೇಳಾಕ ಬಾಯಿಲ್ಲಲ್ರಿ ಸಾಹೇಬ್ರ. ಅದಕ್ಕ ನಾನ ಕೇಳಿ ಹೇಳಿದೆ."